ಕಾವೇರಿಯ ಕಣಿವೆಯೂ ಅದರ ನಾಲೆಗಳೂ

ಮೈಸೂರು ಸೀಮೆಯ ಇತಿಹಾಸವನ್ನು ಹೇಳುವವರು ವಾಡಿಕೆಯಾಗಿ ಕೋಟೆಯ ಹೆಬ್ಬಾಗಿಲಿನಿಂದ ಒಳಹೊಗುತ್ತಾರೆ. ಯಾವ ದೊರೆ ಯಾವ ವರ್ಷ ಪಟ್ಟವೇರಿದನು, ಯಾರನ್ನು ಗೆದ್ದನು, ಯಾರಿಗೆ ಸೋತನು ಎಂಬ ಕ್ರಮದಲ್ಲಿ ಕಥೆ ಸಾಗುತ್ತದೆ. ಅದೇ ಸೀಮೆಯನ್ನು ಬೇರೊಂದು ಬಾಗಿಲಿನಿಂದ, ಎಂದರೆ ನಾಲೆಯ ತೂಬಿನಿಂದ, ಹೊಕ್ಕು ನೋಡುವುದು ಈ ಭಾಷಣದ ಉದ್ದೇಶ. ತಲಕಾಡಿನಿಂದ ಹೊಳೆಗೆ ಎದುರಾಗಿ ಶ್ರೀರಂಗಪಟ್ಟಣ, ಅಲ್ಲಿಂದ ಕನ್ನಂಬಾಡಿ, ಅಲ್ಲಿಂದ ಮತ್ತೆ ನಾಲೆಯ ನೀರಿನೊಡನೆ ಇಳಿದು ಮಂಡ್ಯದ ಸೀಮೆ. ಇಷ್ಟೇ ನಮ್ಮ ದಾರಿ.

ಮೊದಲು ಈ ಕಣಿವೆಯ ಸ್ವಭಾವವನ್ನು ತಿಳಿಯಬೇಕು. ಕಾವೇರಿಯು ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಮಲೆಯ ಮಳೆಯನ್ನೆಲ್ಲ ಕೂಡಿಸಿಕೊಂಡು ಬಯಲಿಗೆ ಬರುತ್ತದೆ. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಮೇಲ್ಗಡೆಯಲ್ಲಿಯೇ ಅದನ್ನು ಸೇರುತ್ತವೆ. ಆದರೆ ಹೊಳೆಯಲ್ಲಿ ಇಷ್ಟು ನೀರು ಹರಿಯುವ ಮಂಡ್ಯ, ಮದ್ದೂರುಗಳ ಕಡೆಯಲ್ಲಿ ಮಳೆ ಬೀಳುವುದು ವರ್ಷಕ್ಕೆ ಮೂವತ್ತು ಅಂಗುಲಕ್ಕಿಂತ ಕಡಿಮೆ. ಅಷ್ಟೇ ಅಲ್ಲ, ಇಲ್ಲಿ ಹೊಳೆಯು ಬಂಡೆಗಳ ನಡುವೆ ತಗ್ಗಿನಲ್ಲಿ ಹರಿಯುತ್ತದೆ. ಹೊಲಗಳು ದಿಬ್ಬದ ಮೇಲಿವೆ. ತಂಜಾವೂರಿನ ಬಯಲಿನಲ್ಲಿ ಕಾವೇರಿಯು ತಾನಾಗಿಯೇ ಕವಲೊಡೆದು ಗದ್ದೆಗಳ ಮೇಲೆ ಹರಡಿಕೊಳ್ಳುವಂತೆ ಇಲ್ಲಿ ಹರಡಿಕೊಳ್ಳಲಾರದು. ದಂಡೆಯಲ್ಲಿ ನಿಂತ ರೈತನಿಗೆ ನೀರು ಕಣ್ಣಿಗೆ ಕಾಣುತ್ತದೆ, ಪೈರಿಗೆ ಎಟುಕುವುದಿಲ್ಲ. ಹಾಗೆ ಎಟುಕಬೇಕಾದರೆ ಅನೇಕ ಮೈಲಿ ಮೇಲ್ಗಡೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ದಿಬ್ಬದ ಮಗ್ಗುಲಿನ ಮಟ್ಟವನ್ನು ಹಿಡಿದು ಬಳಸಿಕೊಂಡು ತರಬೇಕು. ಈ ಸೀಮೆಯ ಸಿರಿಯೂ ಇಲ್ಲಿನ ಜಗಳಗಳೂ ಈ ಒಂದು ನಿರ್ಬಂಧದಿಂದ ಹುಟ್ಟಿದವು.

ಹಳೆಯ ಕಟ್ಟೆಗಳು ಈಗಿನ ಜಲಾಶಯಗಳಂತೆ ನೀರನ್ನು ಕೂಡಿಡುವಂಥವಲ್ಲ. ಹೊಳೆಯ ಪಾತ್ರದಲ್ಲಿ ಬಂಡೆಗಳಿರುವ ಕಡೆ ನೋಡಿ, ಆ ಬಂಡೆಗಳನ್ನೇ ಆಧಾರವಾಗಿಟ್ಟುಕೊಂಡು, ದೊಡ್ಡ ದೊಡ್ಡ ಒರಟು ಕಲ್ಲುಗಳನ್ನು ಓರೆಯಾಗಿ ಸಾಲುಹಿಡಿದು ಒಟ್ಟುತ್ತಿದ್ದರು. ಪ್ರವಾಹ ಬಂದಾಗ ನೀರು ಕಟ್ಟೆಯ ತಲೆಯ ಮೇಲೆ ಹಾದು ಹೋಗುವುದು. ಹೊಳೆ ಇಳಿದಾಗ ಉಳಿದ ನೀರು ನಾಲೆಗೆ ತಿರುಗುವುದು. ಕಿತ್ತುಹೋದ ಕಲ್ಲುಗಳನ್ನು ಬೇಸಗೆಯಲ್ಲಿ ಮತ್ತೆ ಇಡಬೇಕಾಗಿತ್ತು. ಆದುದರಿಂದ ಕಟ್ಟೆಯನ್ನು ಕಟ್ಟಿಸಿದ ದೊರೆಯ ಹೆಸರು ಶಾಸನಕ್ಕೆ ಸೇರಿದರೂ ಅದನ್ನು ಉಳಿಸಿಕೊಂಡು ಬಂದವರು ದಂಡೆಯ ಊರುಗಳವರು. ಊರಿನ ಆಯಗಾರರಲ್ಲಿ ನೀರುಗಂಟಿಯೆಂಬವನೊಬ್ಬನು ಇದ್ದನು. ಯಾವ ಗದ್ದೆಗೆ ಎಷ್ಟು ಹೊತ್ತು ತೂಬು ತೆರೆಯಬೇಕೆಂಬುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಧಾನ್ಯವೇ ಅವನ ಸಂಬಳ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ದಳವಾಯಿಗಳಿಗೆ ಅಧ್ಯಾಯಗಳುಂಟು, ನೀರುಗಂಟಿಗೆ ಒಂದು ವಾಕ್ಯವೂ ದೊರೆಯುವುದು ಕಷ್ಟ.

ತಲಕಾಡು ಗಂಗರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ವಶವಾಯಿತು. ಸುಮಾರು ೧೧೧೬ರಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು 'ತಲಕಾಡುಗೊಂಡ'ನೆಂಬ ಬಿರುದನ್ನು ಧರಿಸಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದನು. ಇಂತಹ ಊರು ಈಗ ಮರಳಿನ ದಿಣ್ಣೆಗಳ ಕೆಳಗಿದೆ. ಪಂಚಲಿಂಗದರ್ಶನದ ಕಾಲದಲ್ಲಿ ಯಾತ್ರಿಕರು ಮರಳನ್ನು ತುಳಿದು, ಮರಳನ್ನು ಬಗೆದು ತೆಗೆದ ಗುಂಡಿಗಳೊಳಕ್ಕೆ ಇಳಿದಂತೆ ಗುಡಿಗಳಿಗೆ ಇಳಿಯುತ್ತಾರೆ. ಮರಳಿನ ಬೆಟ್ಟಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ ಊರಿನ ಮೇಲೆ ಸರಿದು ಬರುತ್ತಿವೆಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಬರೆದರು.

ಇದಕ್ಕೆ ಜನರು ಹೇಳುವ ಕಾರಣ ಎಲ್ಲರಿಗೂ ಗೊತ್ತಿರುವುದೇ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದುಕೊಂಡಾಗ, ಆತನ ರಾಣಿ ಅಲಮೇಲಮ್ಮನು ಒಡವೆಗಳ ಸಲುವಾಗಿ ಬಂದವರ ಕೈಗೆ ಸಿಕ್ಕದೆ, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಮಕ್ಕಳಿಲ್ಲದೆ ಹೋಗಲೆಂದೂ ಶಪಿಸಿ ಹೊಳೆಗೆ ಬಿದ್ದಳಂತೆ. ಕಥೆಯು ರೋಮಾಂಚಕರವಾದುದು. ಆದರೆ ಅದರ ಹಿಂದೆ ಒಂದು ಕಟ್ಟೆ ಇದೆಯೆಂಬುದನ್ನು ಅನೇಕರು ಗಮನಿಸಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯ ಹೆಸರಿನಲ್ಲಿ ತಲಕಾಡಿಗೆ ಮೇಲ್ಗಡೆಯಲ್ಲಿ ಒಂದು ಅಣೆಕಟ್ಟು ಆಯಿತು. ಅದರ ನಾಲೆಯಿಂದ ಸುತ್ತಣ ಗದ್ದೆಗಳು ಇಂದಿಗೂ ಬೆಳೆಯುತ್ತವೆ. ತಲಕಾಡಿನ ಬಳಿ ಹೊಳೆಯು ತೀಕ್ಷ್ಣವಾಗಿ ತಿರುಗುತ್ತದೆ. ಆ ತಿರುವಿನ ಒಳದಂಡೆಯಲ್ಲಿ ಮರಳು ಬೀಳುವುದು ಸಹಜ. ಮೇಲ್ಗಡೆಯ ಕಟ್ಟೆಯು ನೀರನ್ನು ನಾಲೆಗೆ ತಿರುಗಿಸಿದ ಮೇಲೆ ಬೇಸಗೆಯಲ್ಲಿ ಪಾತ್ರವು ಬರಿದಾಗಿ, ಬಿದ್ದ ಮರಳು ಬಿಸಿಲಿಗೆ ಒಣಗಿ, ಮುಂಗಾರಿನ ಮುನ್ನ ಬೀಸುವ ನೈಋತ್ಯದ ಗಾಳಿಯು ಅದನ್ನು ಎತ್ತಿ ಊರಿನ ಮೇಲೆ ಸುರಿಯಿತೆಂದು ಕೆ. ಎನ್. ಗಣೇಶಯ್ಯನವರು ಈಚೆಗೆ ವಿವರಿಸಿರುವರು. ಈ ವಾದದಲ್ಲಿ ಬಹಳ ಬಲವಿದೆಯೆಂದು ನನಗೆ ತೋರುತ್ತದೆ. ಹಾಗಾದರೆ ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಪಟ್ಟಣವನ್ನು ಮರಳಿಗೆ ಒಪ್ಪಿಸಿತೆಂದು ಹೇಳಬೇಕಾಗುತ್ತದೆ. ಶಾಪದ ಕಥೆಯು ಇದರಿಂದ ಸುಳ್ಳಾಗುವುದಿಲ್ಲ. ಕಣ್ಣೆದುರಿಗೆ ಮನೆಮಾರುಗಳು ಹೂತುಹೋಗುತ್ತಿರುವಾಗ, ಇನ್ನೂರು ವರ್ಷಗಳ ಹಿಂದಿನ ಒಂದು ಸತ್ಕಾರ್ಯವನ್ನು ಅದಕ್ಕೆ ಕಾರಣವೆಂದು ಯಾರು ತಾನೆ ಊಹಿಸಿಯಾರು? ಅನ್ಯಾಯಕ್ಕೊಳಗಾದ ಹೆಂಗಸಿನ ಕಣ್ಣೀರೇ ಕಾರಣವೆಂದು ಜನರು ನಂಬಿದುದು ಅವರ ನ್ಯಾಯಬುದ್ಧಿಗೆ ಸಾಕ್ಷಿ.

ಮೇಲಕ್ಕೆ ಬಂದರೆ ಶ್ರೀರಂಗಪಟ್ಟಣ. ಕಾವೇರಿಯು ಎರಡಾಗಿ ಸೀಳಿ ಮತ್ತೆ ಕೂಡುವಲ್ಲಿ, ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ದ್ವೀಪ ಅದು. ಸುತ್ತಲೂ ನೀರಿದ್ದರೂ ದ್ವೀಪದ ನೆಲ ಹೊಳೆಗಿಂತ ಎತ್ತರವಾದುದು. ರಣಧೀರ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ಬಂಗಾರದೊಡ್ಡಿ ನಾಲೆಯನ್ನು ತೆಗೆಸಿ, ಹೊಳೆಯ ಒಂದು ಕವಲಿನ ಮೇಲೆ ಮೇಲ್ಗಾಲುವೆಯನ್ನು ಕಟ್ಟಿಸಿ, ಹೊಳೆಯ ನೀರನ್ನು ಹೊಳೆಯ ತಲೆಯ ಮೇಲೆಯೇ ದಾಟಿಸಿ ದ್ವೀಪಕ್ಕೆ ತಂದರು. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅದಕ್ಕಿಂತ ದೊಡ್ಡ ಕೆಲಸಕ್ಕೆ ಕೈಹಾಕಿದರು. ಬಲಮುರಿಯಲ್ಲಿ ನಾವು ಜಲಪಾತವೆಂದು ನೋಡಿ ಸಂತೋಷಪಡುವುದು ಅವರ ಹೆಸರಿನ ಕಟ್ಟೆಯ ಮೇಲೆ ಹೊರಳುವ ನೀರು. ಅಲ್ಲಿಂದ ಹೊರಡುವ ಚಿಕ್ಕದೇವರಾಜಸಾಗರ ನಾಲೆಯು ಸುಮಾರು ೭೦ ಮೈಲಿ ಹರಿಯುತ್ತದೆ. ಈ ದೊರೆಯನ್ನು ಜನರು ನವಕೋಟಿನಾರಾಯಣನೆಂದು ಕರೆದರು. ಅದೇ ದೊರೆಯ ಕಂದಾಯದ ಭಾರವನ್ನು ತಾಳಲಾರದೆ ರೈತರು ದಂಗೆಯೆದ್ದುದೂ, ಆ ದಂಗೆಯನ್ನು ಕ್ರೂರವಾಗಿ ಅಡಗಿಸಿದುದೂ ಉಂಟು. ಖುಷ್ಕಿ ಜಮೀನು ತರಿಯಾದರೆ ರೈತನ ಕಣಜವೂ ತುಂಬುವುದು, ಅರಮನೆಯ ಬೊಕ್ಕಸವೂ ತುಂಬುವುದು. ನಾಲೆ ತೆಗೆಸುವುದು ಪುಣ್ಯಕಾರ್ಯವೆಂದು ಶಾಸನಗಳು ಹೇಳುವುದು ನಿಜವೇ ಆದರೂ ಲೆಕ್ಕವನ್ನು ಬಲ್ಲ ದೊರೆಗಳೇ ಈ ಪುಣ್ಯವನ್ನು ಹೆಚ್ಚಾಗಿ ಗಳಿಸಿರುವುದು ಆಕಸ್ಮಿಕವಲ್ಲ.

ಈ ಪಟ್ಟಣದ ಯುದ್ಧಗಳ ಕಥೆಯನ್ನು ಫಿರಂಗಿಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಹೊಳೆಯ ಲೆಕ್ಕದಲ್ಲಿ ಹೇಳಿದರೆ ಹೆಚ್ಚು ಅರ್ಥವಾಗುತ್ತದೆ. ಜೂನ್ ತಿಂಗಳಿನಿಂದ ಹೊಳೆ ತುಂಬಿತೆಂದರೆ ಕೋಟೆಗೆ ಪ್ರಕೃತಿಯೇ ಅಗಳು. ಆದುದರಿಂದ ಮುತ್ತಿಗೆ ಹಾಕುವವನಿಗೆ ಇದ್ದ ಸಮಯ ಬೇಸಗೆಯ ಕೆಲವು ವಾರಗಳು ಮಾತ್ರ. ೧೭೯೧ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಬಂದು ಅರಕೆರೆಯ ಬಳಿ ಹೊಳೆಯನ್ನು ದಾಟಬೇಕೆಂದಿದ್ದನು. ಮಳೆಯ ನೀರು ಆಗಲೇ ಇಳಿದುಬಂದು ದಾಟು ಮುಚ್ಚಿಹೋಗಿತ್ತು. ಮೇ ೧೫ರಂದು ಯುದ್ಧವನ್ನು ಗೆದ್ದರೂ ಪಟ್ಟಣ ಅವನಿಗೆ ದಕ್ಕಲಿಲ್ಲ. ಮೇಲ್ಗಡೆಯಲ್ಲಿ ಬೇರೊಂದು ದಾಟನ್ನು ಹುಡುಕಿಕೊಂಡು ಅವನು ಹೋದುದು ಕನ್ನಂಬಾಡಿಗೆ. ಅಷ್ಟರಲ್ಲಿ ಮೇವಿಲ್ಲದೆ ಎತ್ತುಗಳು ಸತ್ತುವು, ದಂಡಿಗೆ ಕಾಳಿಲ್ಲ, ಮೇಲೆ ಮಳೆ. ಫಿರಂಗಿಗಳನ್ನು ಎಳೆಯುವವರಿಲ್ಲದೆ, ಕೋಟೆಯನ್ನು ಒಡೆಯುವುದಕ್ಕೆಂದು ಅಷ್ಟು ದೂರದಿಂದ ತಂದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಿಂದಲೇ ಹಾಳುಮಾಡಿ ಹಿಂದಿರುಗಬೇಕಾಯಿತು. ಹಾಗೆ ಹಿಂದಿರುಗಿದ ಕೆಲವು ದಿನಗಳಲ್ಲಿಯೇ ಅವನಿಗೆ ನೆರವಾಗಿ ಮರಾಠರ ದಂಡು ಬೇಕಾದಷ್ಟು ಸಾಮಗ್ರಿಯೊಡನೆ ಎದುರಾಯಿತು! ಮರುವರ್ಷ ಫೆಬ್ರವರಿಯಲ್ಲಿ, ಹೊಳೆ ಇಳಿದಿರುವಾಗ ಬಂದು, ಅವನು ತನ್ನ ಷರತ್ತುಗಳನ್ನು ಟಿಪ್ಪುಸುಲ್ತಾನನ ಮೇಲೆ ಹೇರಿದನು.

೧೭೯೯ರಲ್ಲಿ ಜನರಲ್ ಹ್ಯಾರಿಸನು ಈ ಪಾಠವನ್ನು ಮರೆತಿರಲಿಲ್ಲ. ಎದುರಾಳಿಯು ಹಳೆಯ ದಾರಿಯಲ್ಲಿ ಕಾದಿರುವಾಗ, ಅವನು ಕೆಳಗಡೆ ಸೋಸಲೆಯ ಬಳಿ ಹೊಳೆಯನ್ನು ದಾಟಿ ದಕ್ಷಿಣದ ದಂಡೆಯಿಂದ ಪಟ್ಟಣವನ್ನು ಸಮೀಪಿಸಿದನು. ಅಲ್ಲಿ ನಾಲೆಗಳು ಯುದ್ಧದೊಳಕ್ಕೆ ಬಂದುವು. ಕೋಟೆಗೆ ಎದುರಾದ ಸುಲ್ತಾನಪೇಟೆಯ ತೋಪು ತೆಂಗು, ಅಡಿಕೆ, ಬಿದಿರುಗಳಿಂದ ದಟ್ಟವಾಗಿ, ನಡುನಡುವೆ ನೀರ್ಗಾಲುವೆಗಳಿಂದ ಸೀಳಿಹೋಗಿತ್ತು. ಏಪ್ರಿಲ್ ೫ರ ರಾತ್ರಿ ಅದನ್ನು ಹಿಡಿಯಲು ಹೋದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಕತ್ತಲೆಯಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು, ಸೋತು ಹಿಂದಿರುಗಿದನು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಮಹಾಸೇನಾನಿಯನ್ನು ಒಂದು ರಾತ್ರಿ ನಮ್ಮ ರೈತರ ಕಾಲುವೆಗಳು ಸೋಲಿಸಿದುವೆಂದರೆ ಅತಿಶಯೋಕ್ತಿಯಾಗಲಾರದು. ಮರುದಿನ ಬೆಳಕಿನಲ್ಲಿ ತೋಪು ಅವರಿಗೆ ಸಿಕ್ಕಿತು. ಆಮೇಲೆ ಅವೇ ನಾಲೆಗಳ ಏರಿಗಳು ಮುತ್ತಿಗೆಯ ಸೈನಿಕರಿಗೆ ಮರೆಯಾಗಿ ನಿಂತುವು. ಮೇ ೪ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಂಡೆಗಳ ನಡುವೆ ಸವೆದುಹೋಗಿದ್ದ ಹೊಳೆಯನ್ನು ದಂಡು ಕೆಲವೇ ನಿಮಿಷಗಳಲ್ಲಿ ದಾಟಿತು. ಸಂಜೆಯೊಳಗಾಗಿ ಕೋಟೆಯೂ ಸುಲ್ತಾನನೂ ಬಿದ್ದಿದ್ದರು. ಮುಂಗಾರು ಇನ್ನು ಕೆಲವು ವಾರಗಳ ದೂರದಲ್ಲಿತ್ತು.

ರಾಜಧಾನಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಿತ್ತೆಂದು ಬುಕಾನನನು ಅಂದಾಜು ಮಾಡಿದ ಜನಸಂಖ್ಯೆಯು ೧೮೦೦ರಲ್ಲಿ ಸುಮಾರು ೩೨,೦೦೦ಕ್ಕೆ ಇಳಿದಿತ್ತು. ಜ್ವರದ ಕಾಟಕ್ಕೆ ಇಂಗ್ಲಿಷರ ದಂಡೂ ದ್ವೀಪವನ್ನು ಬಿಟ್ಟು ೧೮೦೯ರಲ್ಲಿ ಬೆಂಗಳೂರಿಗೆ ನೆಲೆಯನ್ನು ಬದಲಿಸಿತು. ಬೆಂಗಳೂರಿನ ದಂಡುಪ್ರದೇಶದ ಬೆಳವಣಿಗೆಗೆ ಶ್ರೀರಂಗಪಟ್ಟಣದ ಸೊಳ್ಳೆಗಳೂ ಸ್ವಲ್ಪ ಸಹಾಯ ಮಾಡಿವೆಯೆಂಬುದನ್ನು ಬೆಂಗಳೂರಿನ ನಿವಾಸಿಗಳು ತಿಳಿದಿರುವುದು ಒಳ್ಳೆಯದು. ದಿವಾನ್ ಪೂರ್ಣಯ್ಯನವರು ೧೮೦೪ರಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಅನೇಕ ಪ್ರವಾಹಗಳನ್ನು ತಡೆದುಕೊಂಡಿತು. ಆದರೆ ಮೈಸೂರಿಗೆ ಕಾವೇರಿಯ ನೀರನ್ನು ತರಬೇಕೆಂದು ಅವರು ತೆಗೆಸಿದ ನಾಲೆಗೆ ನೀರು ಏರಲಿಲ್ಲ. ಹೊಳೆಯಿಂದ ಮೈಸೂರು ಹತ್ತು ಮೈಲಿಯಷ್ಟೇ ದೂರ, ಆದರೆ ಎತ್ತರ. ಆ ಒಣನಾಲೆ ಪೇಟೆಯ ನಡುವೆ ಚರಂಡಿಯಾಗಿ ಬಹುಕಾಲ ಉಳಿದು, ಕೊನೆಗೆ ಮುಚ್ಚಿಹೋಯಿತು. ಅದರ ಮೇಲೆಯೇ ಸಯ್ಯಾಜಿರಾವ್ ರಸ್ತೆ ಆಯಿತು. ದಸರೆಯ ಮೆರವಣಿಗೆಯನ್ನು ನೋಡಲು ಅಲ್ಲಿ ನಿಲ್ಲುವವರ ಕಾಲಿನ ಕೆಳಗೆ ಹೊಳೆಯ ನೀರಿಗಾಗಿ ಒಬ್ಬ ದಿವಾನರು ಪಟ್ಟ ಪ್ರಯಾಸವು ಹೂತಿದೆ. ಬೆಳಗೊಳದಿಂದ ಯಂತ್ರಗಳ ಮೂಲಕ ನೀರನ್ನು ಮೇಲಕ್ಕೆತ್ತಿದುದು ಆ ಶತಮಾನದ ಕಡೆಯ ವರ್ಷಗಳಲ್ಲಿ.

ಇನ್ನು ಕನ್ನಂಬಾಡಿ. ಕಾರ್ನ್‌ವಾಲಿಸನು ಫಿರಂಗಿಗಳನ್ನು ಒಡೆದುಹೋದ ಆ ಊರಿನ ಬಳಿಯಲ್ಲಿಯೇ, ಅದೇ ದಶಕದಲ್ಲಿ, ಟಿಪ್ಪುಸುಲ್ತಾನನು ಹೊಳೆಗೆ ಕಟ್ಟೆ ಹಾಕಲು ಅಡಿಗಲ್ಲನ್ನು ಇಟ್ಟನು. ೧೯೧೧ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ಅದರ ಪಾರಸಿ ಶಾಸನ ದೊರೆಯಿತು. ಈಗಲೂ ಕಟ್ಟೆಯ ದ್ವಾರದಲ್ಲಿ ಅದನ್ನು ನೋಡಬಹುದು. ಈ ಕಟ್ಟೆಯ ನೀರಿನಿಂದ ಬೀಳುಭೂಮಿಯನ್ನು ಹೊಸದಾಗಿ ಸಾಗುವಳಿ ಮಾಡುವವನಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕನೆಯ ಒಂದು ಭಾಗ ಮಾಫಿಯೆಂದೂ, ಆ ಜಮೀನು ಅವನ ವಂಶಕ್ಕೆ ಶಾಶ್ವತವೆಂದೂ ಅದರಲ್ಲಿ ಹೇಳಿದೆ. ಕಟ್ಟೆ ಮುಗಿಯಲಿಲ್ಲ, ಉದ್ದೇಶ ಮಾತ್ರ ಕಲ್ಲಿನಲ್ಲಿ ಉಳಿಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕಟ್ಟೆಗೆ ಪ್ರೇರಣೆ ಬಂದುದು ಗದ್ದೆಗಳಿಂದ ಮಾತ್ರವೇ ಅಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದರೆ ಬೇಸಗೆಯಲ್ಲಿ ಹೊಳೆ ಬತ್ತಿದರೆ ಚಕ್ರ ತಿರುಗುವುದಿಲ್ಲ, ಗಣಿಯ ಯಂತ್ರ ನಿಲ್ಲುತ್ತದೆ. ಮಳೆಗಾಲದ ನೀರನ್ನು ಬೇಸಗೆಗೆ ಕೂಡಿಡುವ ಅಗತ್ಯ ಹೀಗೆ ಬಿತ್ತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೯೦೯ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದು ಯೋಜನೆಯನ್ನು ಸಿದ್ಧಪಡಿಸಿ, ೧೯೧೨ರಿಂದ ೧೯೧೮ರ ವರೆಗೆ ದಿವಾನರಾಗಿ ಅದನ್ನು ಮುಂದುವರಿಸಿದರು. ಕೆಳಗಡೆಯ ಮದರಾಸಿನವರು ಒಪ್ಪಲಿಲ್ಲ. ೧೮೯೨ರ ಒಡಂಬಡಿಕೆಯಂತೆ ತಮ್ಮ ಸಮ್ಮತಿಯಿಲ್ಲದೆ ಹೊಸ ಕಟ್ಟೆ ಆಗಕೂಡದೆಂದು ಅವರ ವಾದ. ಕಡಿಮೆ ಎತ್ತರದ ಕಟ್ಟೆಗೆ ಮಾತ್ರ ಒಪ್ಪಿಗೆ ದೊರೆತಾಗ ಮೈಸೂರಿನವರು ಅಡಿಪಾಯವನ್ನು ಪೂರ್ಣ ಎತ್ತರದ ಕಟ್ಟೆಗೆ ಸಾಲುವಷ್ಟು ಅಗಲವಾಗಿಯೇ ಹಾಕಿದರು. ಇದನ್ನು ದೂರದೃಷ್ಟಿಯೆನ್ನಬೇಕೆ, ಹಟವೆನ್ನಬೇಕೆ ಎಂಬುದು ಕೇಳುವವರು ಯಾವ ದಂಡೆಯವರೆಂಬುದನ್ನು ಅವಲಂಬಿಸಿದೆ. ಪಂಚಾಯಿತಿಯೂ ಮೇಲ್ಮನವಿಯೂ ನಡೆದು ೧೯೨೪ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಆ ವಿವಾದದ ಕುಡಿಗಳು ನ್ಯಾಯಮಂಡಲಿಯ ೨೦೦೭ರ ತೀರ್ಪಿನವರೆಗೂ, ಸುಪ್ರೀಂ ಕೋರ್ಟಿನ ೨೦೧೮ರ ತೀರ್ಪಿನವರೆಗೂ ಹಬ್ಬಿವೆ.

ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿಗಾರೆಯಿಂದ ಕಟ್ಟಿದ ಈ ಕಟ್ಟೆ ೮,೬೦೦ ಅಡಿ ಉದ್ದ, ಸುಮಾರು ೧೩೦ ಅಡಿ ಎತ್ತರ. ೧೯೩೦ರ ದಶಕದ ಆದಿಯಲ್ಲಿ ಮುಗಿಯಿತು. ಅದರಲ್ಲಿ ನಿಲ್ಲುವ ನೀರು ಸುಮಾರು ೪,೯೪೫ ಕೋಟಿ ಘನ ಅಡಿ. ಆ ನೀರಿನ ಕೆಳಗೆ ಹಳೆಯ ಕನ್ನಂಬಾಡಿಯೂ ಬೇರೆ ಹಲವು ಹಳ್ಳಿಗಳೂ ಇವೆ. ಊರಿನ ಹೊಯ್ಸಳ ಶೈಲಿಯ ವೇಣುಗೋಪಾಲನ ಗುಡಿಯು ಬರಗಾಲ ಬಂದ ವರ್ಷಗಳಲ್ಲಿ ಮಾತ್ರ ನೀರಿನಿಂದ ತಲೆಯೆತ್ತುತ್ತಿತ್ತು. ಈ ಶತಮಾನದಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಡಿಸಿ ತಂದು ಹೊಸ ಕನ್ನಂಬಾಡಿಯ ಬಳಿ ದಡದಲ್ಲಿ ಮತ್ತೆ ಜೋಡಿಸಿದರು. ದೇವರಿಗೆ ಹೀಗೆ ಪುನರ್ವಸತಿಯಾಯಿತು. ಮನೆ, ಹೊಲ, ಹಿರಿಯರ ಸಮಾಧಿಗಳನ್ನು ಬಿಟ್ಟು ಮೇಲಕ್ಕೆ ಸರಿದ ಒಕ್ಕಲುಗಳ ಕಥೆಯನ್ನು ಬೃಂದಾವನದ ದೀಪಗಳನ್ನು ನೋಡಲು ಬರುವವರು ಕೇಳುವುದು ಅಪರೂಪ. ಬೆಲೆ ತೆತ್ತವರನ್ನು ಹೆಸರಿಸದೆ ಲಾಭವನ್ನು ಮಾತ್ರ ಎಣಿಸುವ ಚರಿತ್ರೆ ಅರ್ಧ ಲೆಕ್ಕವೇ ಸರಿ.

ಲಾಭವೇನೋ ದೊಡ್ಡದೇ. ವೈಸರಾಯ್ ಇರ್ವಿನ್ನನ ಹೆಸರಿನಲ್ಲಿ ಆರಂಭವಾಗಿ ಆಮೇಲೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ನಾಲೆಯು, ಹುಲಿಕೆರೆಯ ಬಳಿ ಅಡ್ಡವಾದ ದಿಣ್ಣೆಯನ್ನು ಸುಮಾರು ಒಂದೂಮುಕ್ಕಾಲು ಮೈಲಿ ಉದ್ದದ ಸುರಂಗದಿಂದ ದಾಟುತ್ತದೆ. ಚಿಕ್ಕದೇವರಾಜರ ಕಾಲದಲ್ಲಿ ದಿಬ್ಬವನ್ನು ಬಳಸದೆ ಗತ್ಯಂತರವಿರಲಿಲ್ಲ. ಈಗ ದಿಬ್ಬವನ್ನೇ ತೂತುಮಾಡಿದರು. ಸುರಂಗದ ಆಚೆಗೆ ರಾಗಿಯ ಸೀಮೆಯಲ್ಲಿ ಕಬ್ಬು, ಬತ್ತಗಳು ಬಂದುವು. ಒಂದೊಂದು ಊರಿನ ಜಮೀನನ್ನೂ ಪಾಲುಮಾಡಿ ಒಂದು ಭಾಗಕ್ಕೆ ಕಬ್ಬು, ಒಂದಕ್ಕೆ ಬತ್ತ, ಒಂದಕ್ಕೆ ಕಡಿಮೆ ನೀರಿನ ಬೆಳೆಯೆಂದು ಸರದಿಯ ಮೇಲೆ ಬೆಳೆಯಿಸುವ ಪದ್ಧತಿಯು ವಿಶ್ವೇಶ್ವರಯ್ಯನವರು ಬೊಂಬಾಯಿ ಪ್ರಾಂತದಲ್ಲಿ ಮೊದಲು ಪ್ರಯೋಗಿಸಿದುದು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿ ಸ್ಥಾಪನೆಯಾಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಾವೇರಿಯ ದಂಡೆಯಲ್ಲಿಲ್ಲದ ಊರೊಂದು ಕಾವೇರಿಯಿಂದಲೇ ಪಟ್ಟಣವಾಯಿತು.

ಬೆಂಗಳೂರೂ ೧೯೭೪ರಿಂದ ಇದೇ ಹೊಳೆಯ ನೀರನ್ನು ಕುಡಿಯುತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ ಕೊಳವೆಗಳಲ್ಲಿ ನೀರನ್ನು ಎತ್ತಿ ಎತ್ತಿ ಮೇಲಕ್ಕೆ ಕಳುಹಿಸುತ್ತಾರೆ. ಪೂರ್ಣಯ್ಯನವರಿಗೆ ಹತ್ತು ಮೈಲಿಗೆ ಒದಗದ ಶಕ್ತಿ ಇಂದು ಒದಗಿದೆ. ಆದರೆ ಹೊಳೆಯ ನೀರು ಹೆಚ್ಚಾಗಿಲ್ಲ, ಕೇಳುವವರು ಹೆಚ್ಚಾಗಿದ್ದಾರೆ. ಮಳೆ ಕೈಕೊಟ್ಟ ವರ್ಷ ನಾಲೆಗಳಲ್ಲಿ ಕಟ್ಟು ಪದ್ಧತಿ ಬರುತ್ತದೆ: ಕೆಲವು ದಿನ ನೀರು, ಕೆಲವು ದಿನ ಬಿಡುವು. ನಾಲೆಯ ತಲೆಯ ಊರುಗಳಲ್ಲಿ ಗದ್ದೆ ತುಂಬಿದ ಮೇಲೆ ಉಳಿದುದು ಮದ್ದೂರು, ಮಳವಳ್ಳಿಗಳ ಕಡೆಯ ಕೊನೆಯ ತೂಬಿಗೆ ತಲುಪಬೇಕು. ಅದು ತಲುಪುವುದರೊಳಗೆ ಎಷ್ಟೋ ವೇಳೆ ಬಿಡುವಿನ ದಿನ ಬಂದಿರುತ್ತದೆ. ಆಗ ಅಲ್ಲಿನ ರೈತರು ರಾತ್ರಿಯಲ್ಲಿ ಲಾಂದ್ರ, ಬ್ಯಾಟರಿಗಳನ್ನು ಹಿಡಿದು, ನಾಲೆಯ ಏರಿಯ ಮೇಲೆ ಮೇಲ್ಗಡೆಯ ತೂಬುಗಳನ್ನು ಒಂದೊಂದಾಗಿ ನೋಡುತ್ತ ನಡೆಯುತ್ತಾರೆ.